ಎಂಜಿಬಿಯ ಗೇರ್‌ಬಾಕ್ಸ್: ಹಳೆಯದನ್ನು ಉಳಿಸುವುದೋ, ಐದು ಗೇರಿನದನ್ನು ಕೂರಿಸುವುದೋ

ಎಂಜಿಬಿ ಸ್ಪೋರ್ಟ್ಸ್ ಕಾರು 1962ರ ಸೆಪ್ಟೆಂಬರಿನಲ್ಲಿ ಮಾರುಕಟ್ಟೆಗೆ ಬಂತು. ಇಂಗ್ಲೆಂಡಿನ ಆಕ್ಸ್‌ಫರ್ಡ್ ನಗರಕ್ಕೆ ಹತ್ತಿರವಿರುವ ಅಬಿಂಗ್ಡನ್ ಕಾರ್ಖಾನೆಯಲ್ಲಿ 1980ರ ಅಕ್ಟೋಬರಿನವರೆಗೂ ಅದರ ತಯಾರಿಕೆ ನಡೆಯಿತು. ತೆರೆದ ಮೈಯ ರೋಡ್‌ಸ್ಟರ್, 1965ರಲ್ಲಿ ಜೊತೆಗೂಡಿದ ಮುಚ್ಚಿದ ಮೈಯ ಜಿಟಿ, ನಡುವೆ ಬಂದುಹೋದ ವಿ8 ಮಾದರಿ ಎಲ್ಲವೂ ಸೇರಿ ಐದು ಲಕ್ಷಕ್ಕೂ ಹೆಚ್ಚು ಕಾರುಗಳು ಅಲ್ಲಿಂದ ಹೊರಬಿದ್ದವು. ಅವುಗಳಲ್ಲಿ ದೊಡ್ಡ ಪಾಲು ಅಮೆರಿಕಕ್ಕೆ ಹೋಯಿತು. ಸಂಖ್ಯೆ ಇಷ್ಟು ದೊಡ್ಡದಿರುವುದರಿಂದ ಬಿಡಿಭಾಗಗಳ ಕೊರತೆ ಇಲ್ಲ. ಹಳೆಯ ಬ್ರಿಟಿಷ್ ಸ್ಪೋರ್ಟ್ಸ್ ಕಾರನ್ನು ಜೀರ್ಣೋದ್ಧಾರ ಮಾಡಲು ಹೊರಡುವವರಲ್ಲಿ ಬಹಳ ಮಂದಿ ಮೊದಲು ಕೈಹಾಕುವುದು ಇದಕ್ಕೇ. ಹಾಗೆ ಕೈಹಾಕಿದವರೆಲ್ಲ ಒಂದಲ್ಲ ಒಂದು ಹಂತದಲ್ಲಿ ಒಂದೇ ಪ್ರಶ್ನೆಗೆ ಬಂದು ನಿಲ್ಲುತ್ತಾರೆ: ಕಾರಿನ ಜೊತೆ ಬಂದ ನಾಲ್ಕು ಗೇರಿನ ಪೆಟ್ಟಿಗೆಯನ್ನೇ ರಿಪೇರಿ ಮಾಡಿಸಬೇಕೆ, ಅದಕ್ಕೆ ಓವರ್‌ಡ್ರೈವ್ ಜೋಡಿಸಬೇಕೆ, ಇಲ್ಲವೇ ಈಚಿನ ಯಾವುದಾದರೂ ಕಾರಿನ ಐದು ಗೇರಿನ ಪೆಟ್ಟಿಗೆಯನ್ನು ತಂದು ಕೂರಿಸಬೇಕೆ?

ಈ ಪ್ರಶ್ನೆ ಹುಟ್ಟಿದ್ದು ರಸ್ತೆಯಿಂದ. ಬ್ರಿಟನ್ನಿನ ಮೊದಲ ದೀರ್ಘ ಮೋಟಾರ್‌ವೇ ಎನಿಸಿದ ಎಂ1 ಸಂಚಾರಕ್ಕೆ ತೆರೆದದ್ದು 1959ರಲ್ಲಿ. ಎಂಜಿಬಿಯ ಯಂತ್ರಭಾಗಗಳ ಮೂಲ ವಿನ್ಯಾಸಗಳಾದರೋ ಅದಕ್ಕೂ ಹಿಂದಿನ ಕಾಲದವು. ತಿರುವು ಮುರುವಿನ ಹಳ್ಳಿರಸ್ತೆಗಳಲ್ಲಿ ಮೇಲಿಂದ ಮೇಲೆ ಗೇರು ಬದಲಿಸುತ್ತಾ ಓಡಿಸುವ ಕಾರಿಗೆ ಅವು ಹೇಳಿಮಾಡಿಸಿದಂತಿವೆ. 1798 ಸಿಸಿಯ ಬಿ-ಸರಣಿ ಎಂಜಿನ್ ಸುಮಾರು 95 ಅಶ್ವಶಕ್ತಿ ಕೊಡುತ್ತದೆ. ಹಿಂದಿನ ಆಕ್ಸಲ್‌ನ ಕ್ರೌನ್ ವೀಲ್ ಮತ್ತು ಪಿನಿಯನ್‌ಗಳ ಅನುಪಾತ 3.909. ಈ ಲೆಕ್ಕದಲ್ಲಿ ಟಾಪ್ ಗೇರಿನಲ್ಲಿ ಎಂಜಿನ್ನಿನ ಪ್ರತಿ 1000 ಸುತ್ತಿಗೆ ಕಾರು ಗಂಟೆಗೆ 28.8 ಕಿ.ಮೀ. ವೇಗದಲ್ಲಿ ಸಾಗುತ್ತದೆ. ಬ್ರಿಟನ್ನಿನ ಹೆದ್ದಾರಿ ಮಿತಿಯಾದ 70 ಮೈಲಿ, ಅಂದರೆ ಗಂಟೆಗೆ ಸುಮಾರು 112 ಕಿ.ಮೀ. ವೇಗದಲ್ಲಿ ಎಂಜಿನ್ ನಿಮಿಷಕ್ಕೆ 3900 ಸುತ್ತು ಸುತ್ತುತ್ತಿರುತ್ತದೆ. ಅದರಿಂದ ಎಂಜಿನ್ನಿಗೆ ಹಾನಿಯೇನೂ ಇಲ್ಲ. ಆದರೆ ಹುಡ್ ತೆಗೆದ ರೋಡ್‌ಸ್ಟರಿನಲ್ಲಿ ಎರಡು ಗಂಟೆ ಆ ಸದ್ದು ಕೇಳುತ್ತಾ ಕೂತವರಿಗೆ ಇನ್ನೊಂದು ಗೇರು ಇದ್ದಿದ್ದರೆ ಎನಿಸದೆ ಇರದು.

ಮೂಲದಲ್ಲಿ ಇದ್ದದ್ದು

ಹದಿನೆಂಟು ವರ್ಷಗಳ ಅವಧಿಯಲ್ಲಿ ಎಂಜಿಬಿಗೆ ಕೈಯಿಂದ ಹಾಕುವ ಎರಡು ಬಗೆಯ ನಾಲ್ಕು ಗೇರಿನ ಪೆಟ್ಟಿಗೆಗಳು ಬಂದವು. 1967ರ ಕೊನೆಯವರೆಗಿನ ಕಾರುಗಳಲ್ಲಿ ಎರಡು, ಮೂರು, ನಾಲ್ಕನೆಯ ಗೇರುಗಳಿಗೆ ಮಾತ್ರ ಸಿಂಕ್ರೊಮೆಶ್, ಅಂದರೆ ಹಲ್ಲುಚಕ್ರಗಳ ವೇಗವನ್ನು ತಾನೇ ಹೊಂದಿಸುವ ಏರ್ಪಾಡು, ಇತ್ತು. ಕಾರು ಚಲಿಸುತ್ತಿರುವಾಗ ಫಸ್ಟ್ ಗೇರಿಗೆ ಇಳಿಯಬೇಕೆಂದರೆ ಡಬಲ್ ಕ್ಲಚ್ ಮಾಡಲೇಬೇಕು, ಇಲ್ಲದಿದ್ದರೆ ಹಲ್ಲು ಕಡಿಯುವ ಸದ್ದು ಖಚಿತ. 1967ರ ಕೊನೆಯಲ್ಲಿ ಬಂದ ಮಾರ್ಕ್ 2 ಮಾದರಿಯಲ್ಲಿ ನಾಲ್ಕೂ ಗೇರುಗಳಿಗೆ ಸಿಂಕ್ರೊಮೆಶ್ ಕೊಡಲಾಯಿತು. ಹೊಸ ಪೆಟ್ಟಿಗೆ ಹಳೆಯದಕ್ಕಿಂತ ದಪ್ಪ, ಹೆಚ್ಚು ಗಟ್ಟಿ. ಅದಕ್ಕಾಗಿ ಬಾಡಿಯ ನಡುವಿನ ಸುರಂಗವನ್ನೂ ಅಗಲ ಮಾಡಬೇಕಾಯಿತು. ಜೀರ್ಣೋದ್ಧಾರದವರಿಗೆ ಈ ಕೊನೆಯ ಸಂಗತಿ ಮುಖ್ಯ. ನಂತರದ ಪೆಟ್ಟಿಗೆ ಉತ್ತಮವೆಂದು 1964ರ ಕಾರಿಗೆ ಅದನ್ನು ಹಾಕಹೊರಟರೆ ಸುರಂಗದ ತಗಡನ್ನು ತಿದ್ದದೆ ಅದು ಕೂರುವುದಿಲ್ಲ. ಎಂಜಿನ್ನಿನ ಹಿಂಬದಿಯ ಪ್ಲೇಟು, ಸ್ಟಾರ್ಟರ್ ಮೋಟಾರು ಸಹ ಬೇರೆ. ಒಂದೇ ಹೆಸರಿನ ಎರಡು ಕಾರುಗಳ ನಡುವೆಯೂ ಅದಲುಬದಲು ಸಲೀಸಲ್ಲ.

ಅನುಪಾತಗಳಲ್ಲಿ ಅಂತಹ ವ್ಯತ್ಯಾಸವಿಲ್ಲ. ನಾಲ್ಕು ಸಿಂಕ್ರೊ ಪೆಟ್ಟಿಗೆಯಲ್ಲಿ ಅವು ಕ್ರಮವಾಗಿ 3.44, 2.17, 1.38 ಮತ್ತು 1.00. ಟಾಪ್ ಗೇರಿನಲ್ಲಿ ಶಕ್ತಿ ಹಲ್ಲುಚಕ್ರಗಳ ಹಂಗಿಲ್ಲದೆ ಮುಖ್ಯ ಶಾಫ್ಟಿನಲ್ಲಿ ನೇರ ಹಾದುಹೋಗುತ್ತದೆ. ಹಾಗಾಗಿ ಆ ಗೇರಿನಲ್ಲಿ ಪೆಟ್ಟಿಗೆ ಅತ್ಯಂತ ಶಾಂತವಾಗಿರುತ್ತದೆ. ದೋಷ ಪತ್ತೆಗೂ ಇದರಿಂದ ಅನುಕೂಲವಿದೆ, ಆ ಮಾತು ಮುಂದೆ ಬರುತ್ತದೆ.

ಇವುಗಳ ಜೊತೆಗೆ 1967ರಿಂದ 1973ರವರೆಗೆ ಬಾರ್ಗ್ ವಾರ್ನರ್ ಕಂಪನಿಯ ಮಾಡೆಲ್ 35 ಎಂಬ ಮೂರು ಗೇರಿನ ಆಟೊಮ್ಯಾಟಿಕ್ ಪೆಟ್ಟಿಗೆಯೂ ಆಯ್ಕೆಯಾಗಿ ದೊರೆಯುತ್ತಿತ್ತು. ಸ್ಪೋರ್ಟ್ಸ್ ಕಾರು ಕೊಳ್ಳುವವರಲ್ಲಿ ಅದನ್ನು ಬಯಸಿದವರು ಕಡಿಮೆ. ಈಗಲೂ ಅಂತಹ ಕಾರು ಸಿಕ್ಕವರು ಬಹುತೇಕ ಅದನ್ನು ತೆಗೆದು ಕೈಗೇರಿಗೆ ಬದಲಿಸುತ್ತಾರೆ. ಎಡಗಾಲಿಗೆ ಕ್ಲಚ್ ಒತ್ತಲಾಗದ ಮಾಲೀಕರಿಗೆ ಮಾತ್ರ ಅದು ಉಳಿಸಿಕೊಳ್ಳತಕ್ಕ ವಸ್ತು.

ಓವರ್‌ಡ್ರೈವ್ ಎಂಬ ಅರ್ಧ ಗೇರು

ಐದನೆಯ ಗೇರಿನ ಕೊರತೆಯನ್ನು ಬ್ರಿಟಿಷ್ ಉದ್ಯಮ ತುಂಬಿಕೊಂಡದ್ದು ಓವರ್‌ಡ್ರೈವ್‌ನಿಂದ. ಎಡ್ಗರ್ ಡಿ ನಾರ್ಮನ್‌ವಿಲ್ ರೂಪಿಸಿದ ಈ ಸಾಧನವನ್ನು ಷೆಫೀಲ್ಡಿನ ಲೇಕಾಕ್ ಕಂಪನಿ ತಯಾರಿಸಿತು. 1940ರ ದಶಕದ ಕೊನೆಯಲ್ಲಿ ಸ್ಟ್ಯಾಂಡರ್ಡ್ ವ್ಯಾನ್‌ಗಾರ್ಡ್ ಕಾರಿನಲ್ಲಿ ಬಳಕೆಗೆ ಬಂದ ಅದು ಮುಂದೆ ಟ್ರಯಂಫ್, ಆಸ್ಟಿನ್-ಹೀಲಿ, ಜಾಗ್ವಾರ್, ವೋಲ್ವೊ ಕಾರುಗಳಿಗೂ ಹಬ್ಬಿತು. ಗೇರ್‌ಬಾಕ್ಸಿನ ಬೆನ್ನಿಗೆ ಬೋಲ್ಟಾಗುವ ಇದು ವಾಸ್ತವದಲ್ಲಿ ಎರಡು ವೇಗಗಳ ಪುಟ್ಟ ಪ್ರತ್ಯೇಕ ಪೆಟ್ಟಿಗೆ. ಒಳಗೆ ಸೂರ್ಯಚಕ್ರ, ಅದರ ಸುತ್ತ ಗ್ರಹಚಕ್ರಗಳು, ಹೊರಗೆ ಒಳಹಲ್ಲಿನ ಬಳೆ. ಸಾಮಾನ್ಯ ಸ್ಥಿತಿಯಲ್ಲಿ ಶಂಕುವಿನಾಕಾರದ ಕ್ಲಚ್ಚೊಂದು ಸ್ಪ್ರಿಂಗುಗಳ ಬಲದಿಂದ ಇಡೀ ಚಕ್ರಸಮೂಹವನ್ನು ಒಂದಾಗಿ ಹಿಡಿದಿಡುತ್ತದೆ. ಆಗ ಒಳಬಂದ ವೇಗವೇ ಹೊರಹೋಗುತ್ತದೆ. ಚಾಲಕ ಸ್ವಿಚ್ ಒತ್ತಿದಾಗ ಸಾಲೆನಾಯ್ಡ್ ಒಂದು ಕವಾಟವನ್ನು ತೆರೆಯುತ್ತದೆ, ಶಾಫ್ಟಿನಿಂದಲೇ ನಡೆಯುವ ಚಿಕ್ಕ ಪಂಪಿನ ಎಣ್ಣೆಯ ಒತ್ತಡ ಆ ಶಂಕುವನ್ನು ಎದುರು ಬದಿಗೆ ತಳ್ಳಿ ಸೂರ್ಯಚಕ್ರವನ್ನು ಅಲುಗದಂತೆ ನಿಲ್ಲಿಸುತ್ತದೆ. ಗ್ರಹಚಕ್ರಗಳು ಅದರ ಸುತ್ತ ಉರುಳುವಾಗ ಹೊರಬಳೆ ಒಳಬಂದ ವೇಗಕ್ಕಿಂತ ಹೆಚ್ಚಿನ ವೇಗದಲ್ಲಿ ತಿರುಗುತ್ತದೆ. ಕ್ಲಚ್ ಪೆಡಲ್ ಮುಟ್ಟುವ ಅಗತ್ಯವಿಲ್ಲ.

ಎಂಜಿಬಿಯ ಮೂರು ಸಿಂಕ್ರೊ ಪೆಟ್ಟಿಗೆಗೆ ಡಿ ಮಾದರಿಯ ಓವರ್‌ಡ್ರೈವ್ ಬಂತು, ಅದರ ಅನುಪಾತ 0.802. ನಾಲ್ಕು ಸಿಂಕ್ರೊ ಪೆಟ್ಟಿಗೆಗೆ ಎಲ್‌ಎಚ್ ಮಾದರಿ, ಅನುಪಾತ 0.82. ಮೊದಲು ಹೆಚ್ಚಿನ ಹಣ ಕೊಟ್ಟು ಹಾಕಿಸಿಕೊಳ್ಳಬೇಕಿದ್ದ ಇದು ಬ್ರಿಟನ್ನಿನಲ್ಲಿ ಮಾರುವ ಕಾರುಗಳಿಗೆ 70ರ ದಶಕದ ನಡುವಿನಿಂದ ಕಾರಿನ ಜೊತೆಗೇ ಬರತೊಡಗಿತು. ಅಮೆರಿಕಕ್ಕೆ ಹೋದ ಕಾರುಗಳಲ್ಲಿ ಓವರ್‌ಡ್ರೈವ್ ಇಲ್ಲದವೇ ಹೆಚ್ಚು. ಅಲ್ಲಿಂದ ತುಕ್ಕಿಲ್ಲದ ಬಾಡಿಯೆಂದು ಮರಳಿ ತರಿಸಿಕೊಂಡ ಕಾರುಗಳಲ್ಲಿ ಈ ಗೇರ್‌ಬಾಕ್ಸ್ ಪ್ರಶ್ನೆ ಅದಕ್ಕೇ ಹೆಚ್ಚಾಗಿ ಕಾಡುತ್ತದೆ.

ಓವರ್‌ಡ್ರೈವ್ ಹಾಕಿದಾಗ 1000 ಸುತ್ತಿಗೆ ಸಿಗುವ ವೇಗ 35ರಿಂದ 36 ಕಿ.ಮೀ.ಗೆ ಏರುತ್ತದೆ. 112 ಕಿ.ಮೀ. ವೇಗದಲ್ಲಿ ಎಂಜಿನ್ 3900ರ ಬದಲು 3150ರ ಆಸುಪಾಸಿನಲ್ಲಿ ಇರುತ್ತದೆ. ಬಹುಪಾಲು ಕಾರುಗಳಲ್ಲಿ ಅದು ಮೂರನೆಯ ಗೇರಿನಲ್ಲೂ ಕೆಲಸ ಮಾಡುತ್ತದೆ. 1977ರಿಂದ ಅದನ್ನು ಟಾಪ್ ಗೇರಿಗೆ ಮಾತ್ರ ಸೀಮಿತಗೊಳಿಸಲಾಯಿತು. ಮೂರನೆಯ ಗೇರಿನ 1.38 ಅನ್ನು 0.82ರಿಂದ ಗುಣಿಸಿದರೆ 1.13, ಅಂದರೆ ಮೂರಕ್ಕೂ ನಾಲ್ಕಕ್ಕೂ ನಡುವೆ ಬೀಳುವ ಇನ್ನೊಂದು ಗೇರು. ನಾಲ್ಕು ಗೇರಿನ ಪೆಟ್ಟಿಗೆ ಹೀಗೆ ಆರು ಅನುಪಾತಗಳದ್ದಾಗುತ್ತದೆ. ಘಟ್ಟದ ರಸ್ತೆಯಲ್ಲಿ ಬೆರಳ ತುದಿಯಿಂದ ಮೂರು ಮತ್ತು ಮೂರರ ಓವರ್‌ಡ್ರೈವ್ ನಡುವೆ ಓಡಾಡುವ ಸುಖ ಯಾವ ಐದು ಗೇರಿನ ಪೆಟ್ಟಿಗೆಯಲ್ಲೂ ಇಲ್ಲ. ಈ ಕಾರನ್ನು ಹೋಲಿಕೆಗೆ ಇಡುವವರು ಬಹಳ ಸಲ ಈ ಅಂಶವನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಓವರ್‌ಡ್ರೈವ್‌ಗೆ ಕೆಟ್ಟ ಹೆಸರು ಬಂದಿರುವುದಕ್ಕೆ ಕಾರಣ ಹೆಚ್ಚಾಗಿ ವಿದ್ಯುತ್ ಸಂಪರ್ಕಗಳು. ಸ್ವಿಚ್ಚು, ವೈರು, ಗೇರ್‌ಬಾಕ್ಸಿನ ಮೇಲಿರುವ ತಡೆ ಸ್ವಿಚ್ಚು, ಸಾಲೆನಾಯ್ಡ್, ಎಣ್ಣೆಯ ಮಟ್ಟ, ಫಿಲ್ಟರ್ ಇವಿಷ್ಟನ್ನು ಕ್ರಮವಾಗಿ ನೋಡಿದರೆ ಅರ್ಧಕ್ಕೂ ಹೆಚ್ಚು ಕಾಯಿಲೆಗಳು ಪೆಟ್ಟಿಗೆ ಇಳಿಸದೆಯೇ ವಾಸಿಯಾಗುತ್ತವೆ. ಒಂದು ಎಚ್ಚರಿಕೆ ಮಾತ್ರ ಅಗತ್ಯ. ಓವರ್‌ಡ್ರೈವ್ ಬಿಟ್ಟುಕೊಳ್ಳದೆ ಸಿಕ್ಕಿಹಾಕಿಕೊಂಡಿದ್ದರೆ ಕಾರನ್ನು ರಿವರ್ಸ್ ತೆಗೆಯಬಾರದು, ತೆಗೆದರೆ ಒಳಗಿನ ಒಂದೇ ದಿಕ್ಕಿಗೆ ತಿರುಗುವ ರೋಲರ್ ಕ್ಲಚ್ ಮುರಿಯುತ್ತದೆ. ತಡೆ ಸ್ವಿಚ್ಚನ್ನು ಅಡ್ಡದಾರಿ ವೈರಿನಿಂದ ನಿಷ್ಕ್ರಿಯ ಮಾಡಿರುವ ಕಾರುಗಳೂ ಉಂಟು, ಅವುಗಳಲ್ಲಿ ಈ ಅಪಾಯ ಹೆಚ್ಚು.

ಎಣ್ಣೆಯ ವಿಷಯದಲ್ಲೂ ತಪ್ಪುಗಳು ನಡೆಯುತ್ತವೆ. ಗೇರ್‌ಬಾಕ್ಸ್ ಎಂದಾಕ್ಷಣ ದಪ್ಪನೆಯ ಗೇರ್ ಆಯಿಲ್ ಸುರಿಯುವುದು ವಾಡಿಕೆ. ಎಂಜಿಬಿಯ ಪೆಟ್ಟಿಗೆಗೆ ತಯಾರಕರು ಹೇಳಿದ್ದು ಎಂಜಿನ್ ಆಯಿಲ್, 20ಡಬ್ಲ್ಯು-50. ಗೇರ್‌ಬಾಕ್ಸಿಗೂ ಓವರ್‌ಡ್ರೈವ್‌ಗೂ ಎಣ್ಣೆ ಒಂದೇ. ಆಕ್ಸಲ್ಲಿಗೆಂದೇ ಇರುವ ಜಿಎಲ್-5 ಎಣ್ಣೆಯಲ್ಲಿನ ಗಂಧಕ-ರಂಜಕದ ಸಂಯುಕ್ತಗಳು ಹಿತ್ತಾಳೆಯ ಸಿಂಕ್ರೊ ರಿಂಗುಗಳನ್ನು ಕೊರೆಯಬಹುದು. ನುಣುಪು ಹೆಚ್ಚಿಸುವ ಮಿಶ್ರಣಗಳಿದ್ದರೆ ಓವರ್‌ಡ್ರೈವ್‌ನ ಶಂಕು ಕ್ಲಚ್ ಹಿಡಿತ ಸಿಗದೆ ಜಾರುತ್ತದೆ.

ಮೊದಲು ತಗಡು, ಆಮೇಲೆ ಯಂತ್ರ

ಗೇರ್‌ಬಾಕ್ಸಿನ ನಿರ್ಧಾರ ಗೇರ್‌ಬಾಕ್ಸಿನಿಂದ ಶುರುವಾಗಬಾರದು. ಎಂಜಿಬಿಗೆ ಪ್ರತ್ಯೇಕ ಚಾಸಿ ಇಲ್ಲ. ಹಿಂದಿನ ಎಂಜಿಎ ಕಾರಿಗೆ ಇದ್ದದ್ದು ಇದಕ್ಕೆ ಇಲ್ಲ, ಬಾಡಿಯೇ ಚಾಸಿ. ಮೇಲ್ಛಾವಣಿ ಇಲ್ಲದ ರೋಡ್‌ಸ್ಟರಿನಲ್ಲಿ ಬಾಗಿಲ ಕೆಳಗಿನ ಸಿಲ್‌ಗಳು ಮತ್ತು ನಡುವಿನ ಸುರಂಗ ಇವೇ ಕಾರನ್ನು ಹಿಡಿದು ನಿಲ್ಲಿಸುವ ಭಾಗಗಳು. ಹೊರಗಿನದು, ಒಳಗಿನದು, ಅವುಗಳ ಕೆಳಗೆ ಕೋಟೆಗೋಡೆಯ ತೆನೆಯಂತೆ ಮಡಚಿದ ಇನ್ನೊಂದು ಹೀಗೆ ಹಲವು ತಗಡುಗಳು ಸೇರಿ ಸಿಲ್ ಆಗುತ್ತದೆ. ತುಕ್ಕು ಹಿಡಿಯುವುದು ಒಳಗಿನಿಂದ. ಹೊರ ತಗಡಿನ ಮೇಲೆ ಪುಟ್ಟಿ ತುಂಬಿ ಬಣ್ಣ ಬಳಿದ ಕಾರು ನೋಡಲು ಚೆನ್ನಾಗಿಯೇ ಕಾಣುತ್ತದೆ. ಜ್ಯಾಕ್ ಹಾಕಿ ಎತ್ತಿದಾಗ ಬಾಗಿಲ ಹಿಂಬದಿಯ ಸಂದು ಕಿರಿದಾಗಿ ಬಾಗಿಲು ಬಿಗಿಯಾಯಿತೆಂದರೆ ಒಳಗೆ ಏನೂ ಉಳಿದಿಲ್ಲ ಎಂದು ತಿಳಿಯಬೇಕು. ಸಿಲ್ ಕತ್ತರಿಸುವ ಮುನ್ನ ಬಾಗಿಲ ಚೌಕಟ್ಟಿಗೆ ಅಡ್ಡ ಕಂಬಿ ಬೆಸೆದು ಬಾಡಿ ಬಾಗದಂತೆ ಮಾಡುವುದು, ಹೊಸ ಸಿಲ್ಲನ್ನು ಬಾಗಿಲು ತೂಗುಹಾಕಿ ಸಂದು ಸರಿ ನೋಡಿಯೇ ಬೆಸೆಯುವುದು ಕ್ರಮ. ಇದನ್ನು ಬಿಟ್ಟು ಕೆಲಸ ಮಾಡಿದ ಕಾರು ಆಮೇಲೆ ಯಾವ ಅಲೈನ್‌ಮೆಂಟಿಗೂ ಬಗ್ಗುವುದಿಲ್ಲ.

ತೀರಾ ಕೊಳೆತ ಬಾಡಿಗೆ ಇನ್ನೊಂದು ದಾರಿಯಿದೆ. ಬ್ರಿಟಿಷ್ ಮೋಟಾರ್ ಹೆರಿಟೇಜ್ ಸಂಸ್ಥೆ ಅಬಿಂಗ್ಡನ್ ಕಾಲದ ಅಚ್ಚುಗಳನ್ನು ಹುಡುಕಿ ಕಲೆಹಾಕಿ 1988ರಿಂದ ಎಂಜಿಬಿಯ ಹೊಸ ಬಾಡಿಗಳನ್ನು ತಯಾರಿಸತೊಡಗಿತು. ರೋವರ್ ಕಂಪನಿ 1992ರಲ್ಲಿ ಹೊರತಂದ ಎಂಜಿ ಆರ್‌ವಿ8 ಕಾರು ಹುಟ್ಟಿದ್ದೂ ಆ ಬಾಡಿಯ ಆಧಾರದ ಮೇಲೆಯೇ. ಅದರಲ್ಲಿ 3.9 ಲೀಟರಿನ ವಿ8 ಎಂಜಿನ್ ಜೊತೆ ಐದು ಗೇರಿನ ಪೆಟ್ಟಿಗೆ ಇತ್ತು. ಕಂಪನಿಯೇ ಎಂಜಿಬಿಯ ಬಾಡಿಯಲ್ಲಿ ಐದನೆಯ ಗೇರನ್ನು ಕೂರಿಸಿದ್ದಕ್ಕೆ ಇದೊಂದೇ ನಿದರ್ಶನ.

ಗೇರ್‌ಬಾಕ್ಸಿಗೂ ಬಾಡಿ ಕೆಲಸಕ್ಕೂ ಸಂಬಂಧವಿರುವುದು ಸುರಂಗದಲ್ಲಿ. ಬೇರೆ ಪೆಟ್ಟಿಗೆ ಹಾಕುವುದಾದರೆ ಸುರಂಗ ತಿದ್ದಬೇಕಾಗಬಹುದು, ಗೇರ್ ಕಡ್ಡಿ ಮೇಲೆ ಬರುವ ತೂತಿನ ಜಾಗ ಬದಲಾಗಬಹುದು, ಪೆಟ್ಟಿಗೆಯ ಕೆಳಗಿನ ಅಡ್ಡತೊಲೆಗೆ ಹೊಸ ಬ್ರ್ಯಾಕೆಟ್ ಬೇಕಾಗಬಹುದು. ಬಣ್ಣ ಮುಗಿದ ಮೇಲೆ ಬೆಸುಗೆ ಹಚ್ಚಿದರೆ ಬಣ್ಣವೂ ಹೋಯಿತು, ತುಕ್ಕಿಗೆ ಬಾಗಿಲೂ ತೆರೆಯಿತು. ಪೆಟ್ಟಿಗೆ ಯಾವುದೆಂದು ಟಿಂಕರಿಂಗ್ ನಡೆಯುತ್ತಿರುವಾಗಲೇ ತೀರ್ಮಾನಿಸಿ, ಖಾಲಿ ಬಾಡಿಯಲ್ಲಿ ಎಂಜಿನ್ನನ್ನೂ ಪೆಟ್ಟಿಗೆಯನ್ನೂ ಒಮ್ಮೆ ಇಟ್ಟು ನೋಡಿ, ತೆಗೆದು, ಆಮೇಲೆ ಬಣ್ಣಕ್ಕೆ ಕಳಿಸಬೇಕು. ಈ ಕಾರಿನಲ್ಲಿ ಪೆಟ್ಟಿಗೆಯೊಂದನ್ನೇ ಕೆಳಗಿನಿಂದ ಇಳಿಸುವುದು ಕಷ್ಟ. ಎಂಜಿನ್ ಸಮೇತ ಮುಂದಿನಿಂದ ಎತ್ತುವುದೇ ರೂಢಿ. ಒಮ್ಮೆ ಎತ್ತಿದ ಮೇಲೆ ಕ್ಲಚ್ ಪ್ಲೇಟು, ಪ್ರೆಶರ್ ಪ್ಲೇಟು, ರಿಲೀಸ್ ಬೇರಿಂಗು, ಎಂಜಿನ್ನಿನ ಹಿಂಬದಿಯ ಸೀಲು ಎಲ್ಲವನ್ನೂ ಬದಲಿಸಿಬಿಡುವುದು ಲಾಭ. ರಿಲೀಸ್ ಬೇರಿಂಗ್ ಎಂಬುದು ಇಲ್ಲಿ ಗುಂಡುಗಳ ಬೇರಿಂಗಲ್ಲ, ಗ್ರಾಫೈಟಿನ ಬಿಲ್ಲೆ. ಸಿಗ್ನಲ್ಲಿನಲ್ಲಿ ಕ್ಲಚ್ ಒತ್ತಿಕೊಂಡೇ ನಿಲ್ಲುವವರ ಕಾಲಡಿಯಲ್ಲಿ ಅದು ಬೇಗ ಸವೆಯುತ್ತದೆ.

ಹಳೆಯ ಪೆಟ್ಟಿಗೆಯನ್ನು ಓದುವ ಬಗೆ

ಬದಲಾಯಿಸುವ ಮುನ್ನ ಇರುವುದು ನಿಜವಾಗಿ ಕೆಟ್ಟಿದೆಯೇ ಎಂದು ನೋಡುವುದು ನ್ಯಾಯ. ಒಂದು, ಎರಡು, ಮೂರರಲ್ಲಿ ಗುಂಯ್ಗುಡುವ ಪೆಟ್ಟಿಗೆ ಟಾಪ್ ಗೇರಿನಲ್ಲಿ ಸುಮ್ಮನಾಯಿತೆಂದರೆ ದೋಷ ಆ ಮೂರು ಗೇರುಗಳಲ್ಲಿ ಶಕ್ತಿ ಸಾಗಿಸುವ ಲೇ ಶಾಫ್ಟಿನದು. ನೀಡಲ್ ರೋಲರುಗಳು ಸವೆದು ಶಾಫ್ಟಿನ ಮೇಲ್ಮೈ ಹರಳುಹರಳಾಗಿ ಎದ್ದಿರುತ್ತದೆ. ನ್ಯೂಟ್ರಲ್‌ನಲ್ಲಿ ಸದ್ದಿದ್ದು ಕ್ಲಚ್ ಒತ್ತಿದೊಡನೆ ನಿಂತರೆ ಮುಂದಿನ ಬೇರಿಂಗನ್ನೂ ಸಂಶಯಿಸಬೇಕು. ಎರಡನೆಯ ಗೇರಿಗೆ ಇಳಿಸುವಾಗ ಕಡಿದರೆ ಸಿಂಕ್ರೊ ರಿಂಗ್ ಸವೆದಿದೆ. ಇವೆಲ್ಲ ಓವರ್‌ಹಾಲಿನಲ್ಲಿ ಸರಿಹೋಗುವಂಥವು, ಭಾಗಗಳೂ ಸಿಗುತ್ತವೆ. ಮೂರು ಸಿಂಕ್ರೊ ಪೆಟ್ಟಿಗೆಯಲ್ಲಿ ಫಸ್ಟ್ ಗೇರಿನ ಹಲ್ಲುಗಳೇ ಚಿಪ್ಪೆದ್ದಿದ್ದರೆ ಖರ್ಚು ಏರುತ್ತದೆ.

ಎಲ್ಲ ಗೇರುಗಳೂ ಬಿಗಿಯಾಗಿ, ಕಡಿಯುತ್ತಾ ಬೀಳುತ್ತಿದ್ದರೆ ಮಾತ್ರ ಪೆಟ್ಟಿಗೆಯನ್ನು ದೂರುವ ಮುನ್ನ ಕ್ಲಚ್ ಪೂರ್ತಿ ಬಿಡುತ್ತಿದೆಯೇ ಎಂದು ನೋಡಬೇಕು. ಪೆಡಲನ್ನು ಮಾಸ್ಟರ್ ಸಿಲಿಂಡರಿನ ಕಡ್ಡಿಗೆ ಜೋಡಿಸುವ ಪಿನ್ನು ಸವೆದು ಅರ್ಧವಾಗಿರುವುದು ಈ ಕಾರುಗಳಲ್ಲಿ ತೀರಾ ಸಾಮಾನ್ಯ. ಅಲ್ಲಿ ಕಳೆದುಹೋದ ಒಂದೆರಡು ಮಿಲಿಮೀಟರು ಕೆಳಗೆ ಕ್ಲಚ್ಚಿನಲ್ಲಿ ದೊಡ್ಡ ಕೊರತೆಯಾಗಿ ಕಾಣಿಸಿಕೊಳ್ಳುತ್ತದೆ. ಕೆಲವೇ ರೂಪಾಯಿಯ ಆ ಪಿನ್ನಿನ ಸಲುವಾಗಿ ಇಡೀ ಪೆಟ್ಟಿಗೆ ಬದಲಾಯಿಸಿಕೊಂಡವರೂ ಇದ್ದಾರು.

ಐದು ಗೇರಿನ ಪೆಟ್ಟಿಗೆಗಳು

ಬದಲಿ ಪೆಟ್ಟಿಗೆಗಳಲ್ಲಿ ಮುಂಚೂಣಿಯಲ್ಲಿರುವವು ಎರಡು. ಒಂದು 80ರ ದಶಕದ ಫೋರ್ಡ್ ಸಿಯೆರಾ ಕಾರಿನಲ್ಲಿದ್ದ ಟೈಪ್ 9, ಇನ್ನೊಂದು 1989ರಲ್ಲಿ ಬಂದ ಮಜ್ದಾ ಎಂಎಕ್ಸ್-5 ಕಾರಿನದು. ಎರಡಕ್ಕೂ ಬೆಲ್ ಹೌಸಿಂಗ್, ಕ್ಲಚ್ ಪ್ಲೇಟು, ಅಡ್ಡತೊಲೆ, ಅಳತೆಗೆ ಮಾಡಿದ ಪ್ರೊಪೆಲ್ಲರ್ ಶಾಫ್ಟು, ಸ್ಪೀಡೋಮೀಟರ್ ಕೇಬಲ್ಲು ಎಲ್ಲ ಸೇರಿಸಿದ ಸಿದ್ಧ ಕಿಟ್‌ಗಳು ಬ್ರಿಟನ್ನಿನಲ್ಲಿ ಸಿಗುತ್ತವೆ.

ಅಂಕಿಗಳನ್ನು ಪಕ್ಕಪಕ್ಕದಲ್ಲಿ ಇಟ್ಟರೆ ಆಶ್ಚರ್ಯವೊಂದು ಕಾದಿದೆ. ಟೈಪ್ 9ರ ಐದನೆಯ ಗೇರು 0.82. ಮಜ್ದಾದ ಐದನೆಯದು 0.814. ಓವರ್‌ಡ್ರೈವ್‌ನ ಅನುಪಾತಗಳು ಮೇಲೆ ಹೇಳಿದಂತೆ 0.802 ಮತ್ತು 0.82. ಹೆದ್ದಾರಿಯಲ್ಲಿ ಎಂಜಿನ್ನಿನ ಸುತ್ತು ಇಳಿಸುವ ಲೆಕ್ಕದಲ್ಲಿ ನಾಲ್ಕೂ ಒಂದೇ. ಅತಿ ದೊಡ್ಡ ವ್ಯತ್ಯಾಸವೆಂದರೆ 112 ಕಿ.ಮೀ. ವೇಗದಲ್ಲಿ 70 ಸುತ್ತು, ಅದು ಮೀಟರಿನ ಮುಳ್ಳಿನ ದಪ್ಪದಷ್ಟೂ ಇಲ್ಲ. ಯಾವ ಕಾರಣಕ್ಕೆಂದು ಜನ ಐದನೆಯ ಗೇರನ್ನು ಬಯಸುತ್ತಾರೋ ಆ ಕಾರಣದ ಮಟ್ಟಿಗೆ ಓವರ್‌ಡ್ರೈವ್ ಇರುವ ಎಂಜಿಬಿಗೆ ಹೊಸ ಪೆಟ್ಟಿಗೆ ಏನನ್ನೂ ಸೇರಿಸುವುದಿಲ್ಲ.

ವ್ಯತ್ಯಾಸವಿರುವುದು ಕೆಳಗಿನ ಗೇರುಗಳಲ್ಲಿ. ನಾಲ್ಕು ಸಿಲಿಂಡರಿನ ಸಿಯೆರಾದ ಟೈಪ್ 9ರಲ್ಲಿ ಮೊದಲ ಗೇರು 3.65, ಎರಡನೆಯದು 1.97. ಎಂಜಿನ್ನನ್ನು 5000 ಸುತ್ತಿಗೆ ಏರಿಸಿ ಫಸ್ಟಿನಿಂದ ಸೆಕೆಂಡಿಗೆ ಹಾಕಿದರೆ ಮೂಲ ಪೆಟ್ಟಿಗೆಯಲ್ಲಿ ಸುತ್ತು 3150ಕ್ಕೆ ಇಳಿಯುತ್ತದೆ, ಟೈಪ್ 9ರಲ್ಲಿ 2700ಕ್ಕೆ. ಫಸ್ಟ್ ಗೇರು ಗಿಡ್ಡ, ಹಾಕಿದೊಡನೆ ಮುಗಿದುಹೋಗುತ್ತದೆ, ಸೆಕೆಂಡ್ ದೂರದಲ್ಲಿದೆ. ಇದು ಸಂಸಾರಸ್ಥರ ಸೆಡಾನಿಗೆಂದು ಮಾಡಿದ ಪೆಟ್ಟಿಗೆ ಎಂಬುದು ಅಲ್ಲಿ ಗೊತ್ತಾಗುತ್ತದೆ. 2.8 ಲೀಟರಿನ ವಿ6 ಕಾರುಗಳಲ್ಲಿದ್ದ ಟೈಪ್ 9ರ ಮೊದಲ ಗೇರು 3.36, ಅದು ಈ ಕೊರತೆಯನ್ನು ಸ್ವಲ್ಪ ತುಂಬುತ್ತದೆ. ಮೊದಲ ಗೇರನ್ನು ಇನ್ನೂ ಉದ್ದ ಮಾಡುವ ಚಕ್ರಗಳನ್ನು ರೇಸಿನವರಿಗಾಗಿ ತಯಾರಿಸುವವರೂ ಇದ್ದಾರೆ, ಖರ್ಚು ಪ್ರತ್ಯೇಕ.

ಮಜ್ದಾ ಪೆಟ್ಟಿಗೆಯ ಅನುಪಾತಗಳು 3.136, 1.888, 1.330, 1.00. ಹಗುರವಾದ ಸ್ಪೋರ್ಟ್ಸ್ ಕಾರಿಗೆಂದೇ ಹುಟ್ಟಿದ್ದರಿಂದ ಹೆಜ್ಜೆಗಳು ಹತ್ತಿರ ಹತ್ತಿರ ಇವೆ. 5000ದಿಂದ ಇಳಿದಾಗ ಸುಮಾರು 3000ಕ್ಕೆ ನಿಲ್ಲುತ್ತದೆ. ಗೇರ್ ಕಡ್ಡಿಯ ಚಲನೆ ಚಿಕ್ಕದು, ಬೆರಳಿಗೆ ಹಿತವಾದದ್ದು. ಕೇವಲ ಓಡಿಸುವ ಖುಷಿಯ ದೃಷ್ಟಿಯಿಂದ ನೋಡಿದರೆ ಇವೆರಡರಲ್ಲಿ ಮಜ್ದಾವೇ ಮೇಲು. ಮೊದಲ ಗೇರು ಮೂಲಕ್ಕಿಂತ ಉದ್ದವಾದ್ದರಿಂದ ಕಡಿದಾದ ಏರಿನಲ್ಲಿ ನಿಂತು ಹೊರಡುವಾಗ ಕ್ಲಚ್ಚನ್ನು ತುಸು ಹೆಚ್ಚು ಜಾರಿಸಬೇಕಾಗುತ್ತದೆ, ಅಷ್ಟೆ.

ಎರಡೂ ಪೆಟ್ಟಿಗೆಗಳ ಬಗ್ಗೆ ಹೇಳಲೇಬೇಕಾದ ಇನ್ನೊಂದು ಮಾತಿದೆ. ಆಧುನಿಕ ಪೆಟ್ಟಿಗೆಯೆಂದು ಮಾರುವ ಇವೂ ಈಗ ಹಳೆಯವೇ. ಗುಜರಿಯಿಂದ ಬಂದ ಸಿಯೆರಾ ಪೆಟ್ಟಿಗೆಗೆ ಮೂವತ್ತು ದಾಟಿ ಎಷ್ಟೋ ವರ್ಷಗಳಾಗಿವೆ. ಅದನ್ನೂ ಬಿಚ್ಚಿ ಬೇರಿಂಗು, ಸಿಂಕ್ರೊ, ಸೀಲುಗಳನ್ನು ಬದಲಿಸದೆ ಹಾಕಿದರೆ ಒಂದು ಹಳೆಯ ಪೆಟ್ಟಿಗೆಯ ಜಾಗಕ್ಕೆ ಇನ್ನೊಂದು ಹಳೆಯ ಪೆಟ್ಟಿಗೆ ಬಂದಂತಾಯಿತು. ಕಿಟ್ಟಿನ ಬೆಲೆಯ ಜೊತೆ ಈ ಓವರ್‌ಹಾಲನ್ನೂ ಸೇರಿಸಿಯೇ ಹೋಲಿಸಬೇಕು.

ಸ್ಪೀಡೋಮೀಟರನ್ನು ಹಲವರು ಮರೆಯುತ್ತಾರೆ. ಸ್ಮಿತ್ಸ್ ಕಂಪನಿಯ ಮೀಟರಿನ ಮುಖದ ಮೇಲೆ ಚಿಕ್ಕದಾಗಿ ಅಚ್ಚಾಗಿರುವ ಸಂಖ್ಯೆ, ಒಂದು ಮೈಲಿಗೆ ಕೇಬಲ್ ಎಷ್ಟು ಸುತ್ತು ತಿರುಗಬೇಕು ಎಂಬುದನ್ನು ಹೇಳುತ್ತದೆ. ಹೊಸ ಪೆಟ್ಟಿಗೆಯ ಲೆಕ್ಕ ಬೇರೆಯಾದ್ದರಿಂದ ಮೀಟರನ್ನು ತಿದ್ದಿಸದಿದ್ದರೆ ಅದು ತೋರಿಸುವ ವೇಗವನ್ನು ನಂಬುವಂತಿಲ್ಲ.

ಆಕ್ಸಲ್ ಬದಲಿಸಿದರೆ?

ಪೆಟ್ಟಿಗೆಗೆ ಕೈಹಚ್ಚದೆ ಹಿಂದಿನ ಕ್ರೌನ್ ವೀಲ್-ಪಿನಿಯನ್ ಬದಲಿಸುವ ಉಪಾಯವೂ ಚಲಾವಣೆಯಲ್ಲಿದೆ. 1973ರಿಂದ 1976ರವರೆಗೆ ಬಂದ ಎಂಜಿಬಿ ಜಿಟಿ ವಿ8ರ ಆಕ್ಸಲ್ ಅನುಪಾತ 3.07. ಅದನ್ನು ನಾಲ್ಕು ಸಿಲಿಂಡರಿನ ಕಾರಿಗೆ ಹಾಕಿದರೆ ಟಾಪ್ ಗೇರಿನಲ್ಲಿ 1000 ಸುತ್ತಿಗೆ 36.7 ಕಿ.ಮೀ. ಸಿಗುತ್ತದೆ, ಓವರ್‌ಡ್ರೈವ್‌ಗಿಂತಲೂ ಹೆಚ್ಚು. ಆದರೆ ಆಕ್ಸಲ್ ಎಲ್ಲ ಗೇರುಗಳನ್ನೂ ಒಟ್ಟಿಗೇ ಉದ್ದ ಮಾಡುತ್ತದೆ. ಫಸ್ಟ್ ಗೇರಿನ ಒಟ್ಟು ಅನುಪಾತ 13.4ರಿಂದ 10.6ಕ್ಕೆ ಕುಸಿಯುತ್ತದೆ. 3.5 ಲೀಟರಿನ ಎಂಜಿನ್ನಿಗೆ ಅದು ಸಲೀಸು. 95 ಅಶ್ವಶಕ್ತಿಯ ಕಾರು ಏರಿನಲ್ಲಿ ಹೊರಡಲು ಏದುಸಿರು ಬಿಡುತ್ತದೆ, ಟಾಪ್ ಗೇರಿನಲ್ಲಿ ಸಣ್ಣ ಏರು ಬಂದರೂ ಇಳಿಸಬೇಕಾಗುತ್ತದೆ. ಸಮತಟ್ಟಾದ ದೇಶದಲ್ಲಿ ಒಬ್ಬಂಟಿಯಾಗಿ ಓಡಿಸುವವರಿಗೆ ಹೊರತು ಇದನ್ನು ಸೂಚಿಸುವುದು ಕಷ್ಟ.

ಯಾರಿಗೆ ಯಾವುದು

ಓವರ್‌ಡ್ರೈವ್ ಇರುವ ನಾಲ್ಕು ಸಿಂಕ್ರೊ ಕಾರಿಗೆ ಬೇರೇನೂ ಬೇಡ, ಅದನ್ನೇ ಸರಿಯಾಗಿ ಓವರ್‌ಹಾಲ್ ಮಾಡಿಸಿದರೆ ಸಾಕು. ಓವರ್‌ಡ್ರೈವ್ ಇಲ್ಲದ ಮಾರ್ಕ್ 2 ಕಾರಿಗೆ ಅದೇ ಬಗೆಯ ಓವರ್‌ಡ್ರೈವ್ ಪೆಟ್ಟಿಗೆಯೊಂದನ್ನು ಹುಡುಕಿ ತರುವುದು ಅತ್ಯಂತ ಸಹಜ ದಾರಿ. ಸುರಂಗ ಅದಕ್ಕೆಂದೇ ಇದೆ, ತಗಡು ಕತ್ತರಿಸಬೇಕಿಲ್ಲ. ಸಾಮಾನ್ಯ ಪೆಟ್ಟಿಗೆಗೆ ಹೊರಗಿನಿಂದ ಓವರ್‌ಡ್ರೈವ್ ಸೇರಿಸಲು ಆಗುವುದಿಲ್ಲ, ಒಳಗಿನ ಮುಖ್ಯ ಶಾಫ್ಟೇ ಬೇರೆ. ಆದ್ದರಿಂದ ಪೂರ್ತಿ ಪೆಟ್ಟಿಗೆಯೇ ಬೇಕು. ಅದು ಸಿಗದಿದ್ದರೆ, ಸಿಕ್ಕದ್ದು ತೀರಾ ಸವೆದಿದ್ದರೆ ಮಜ್ದಾ ಪೆಟ್ಟಿಗೆ ಒಳ್ಳೆಯ ಆಯ್ಕೆ. 1967ಕ್ಕೂ ಹಿಂದಿನ ಕಾರುಗಳಲ್ಲಿ ಮೂರು ಸಿಂಕ್ರೊ ಪೆಟ್ಟಿಗೆಯ ಸವೆತ ಮಿತಿ ಮೀರಿದಾಗ ಐದು ಗೇರಿನ ಕಿಟ್ಟಿನ ಪರವಾದ ವಾದಕ್ಕೆ ಬಲ ಬರುತ್ತದೆ, ಅದರಲ್ಲೂ ಸುರಂಗ ಕತ್ತರಿಸದೆ ಕೂರುವ ಕಿಟ್ ಆದರೆ.

ಇದೇ ತೀರ್ಪು ಎಲ್ಲ ಬ್ರಿಟಿಷ್ ಕಾರುಗಳಿಗೂ ಸಲ್ಲುವುದಿಲ್ಲ. ಎಂಜಿ ಮಿಜೆಟ್‌ಗೆ ಕಾರ್ಖಾನೆಯಿಂದ ಓವರ್‌ಡ್ರೈವ್ ಬರಲೇ ಇಲ್ಲ. ಅಲ್ಲಿ ಐದನೆಯ ಗೇರು ನಿಜವಾಗಿ ಹೊಸದೊಂದನ್ನು ಕೊಡುತ್ತದೆ. ಲೋಟಸ್ ಎಲಾನ್‌ನದು ಮೊದಲೇ ಫೋರ್ಡಿನ ಪೆಟ್ಟಿಗೆ, ಟೈಪ್ 9 ಅದಕ್ಕೆ ನೆಂಟನೇ. ಟ್ರಯಂಫ್ ಟಿಆರ್ ಸರಣಿಯ ಹಲವು ಕಾರುಗಳಲ್ಲಿ ಓವರ್‌ಡ್ರೈವ್ ಎರಡನೆಯ ಗೇರಿನಲ್ಲೂ ದುಡಿಯುತ್ತಿತ್ತು, ಒಟ್ಟು ಏಳು ಅನುಪಾತಗಳು. ಅದನ್ನು ಕಿತ್ತು ಐದಕ್ಕೆ ಇಳಿಯುವುದು ನಷ್ಟದ ವ್ಯಾಪಾರ. 1964ಕ್ಕೂ ಹಿಂದಿನ ಜಾಗ್ವಾರ್ ಇ-ಟೈಪ್‌ನ ಮಾಸ್ ಗೇರ್‌ಬಾಕ್ಸ್ ನಿಧಾನಕ್ಕೆ, ಸದ್ದಿಗೆ ಕುಖ್ಯಾತ. ಅದನ್ನು ಬದಲಿಸಿದವರನ್ನು ದೂರುವವರು ಕಡಿಮೆ.

ಎಂಜಿಬಿಯ ಎಂಜಿನ್ನಿನ ಬಂಧುವೊಂದು ಭಾರತಕ್ಕೆ ಚಿರಪರಿಚಿತ. ಅಂಬಾಸಡರ್ ಕಾರಿನ 1489 ಸಿಸಿ ಎಂಜಿನ್ನೂ ಅದೇ ಬಿ-ಸರಣಿಯದು. 1992ರಲ್ಲಿ ಹಿಂದೂಸ್ಥಾನ್ ಮೋಟಾರ್ಸ್ ಅಂಬಾಸಡರಿಗೆ ಇಸುಜು ಕಂಪನಿಯ 1.8 ಲೀಟರ್ ಎಂಜಿನ್ನನ್ನೂ ಐದು ಗೇರಿನ ಪೆಟ್ಟಿಗೆಯನ್ನೂ ಕೂರಿಸಿತು. ಬ್ರಿಟನ್ನಿನ ಗ್ಯಾರೇಜುಗಳಲ್ಲಿ ಎಂಜಿಬಿಗೆ ನಡೆದ ಕಸಿಯನ್ನು ಇಲ್ಲಿ ಕಾರ್ಖಾನೆಯೇ ಮಾಡಿತು.

ದಾಖಲೆ ಮತ್ತು ಕಾನೂನು

ಕಾರು ಮೂಲತಃ ಹೇಗಿತ್ತು ಎಂಬುದಕ್ಕೆ ಲಿಖಿತ ಸಾಕ್ಷಿ ಸಿಗುತ್ತದೆ. ಗೇಡನ್‌ನಲ್ಲಿರುವ ಬ್ರಿಟಿಷ್ ಮೋಟಾರ್ ಮ್ಯೂಸಿಯಂ ಅಬಿಂಗ್ಡನ್ನಿನ ಉತ್ಪಾದನಾ ದಾಖಲೆಗಳನ್ನು ಆಧರಿಸಿ ಹೆರಿಟೇಜ್ ಪ್ರಮಾಣಪತ್ರ ಕೊಡುತ್ತದೆ. ಓವರ್‌ಡ್ರೈವ್‌ನಂಥ ಹೆಚ್ಚುವರಿ ಸಲಕರಣೆಗಳು ಕಾರ್ಖಾನೆಯಲ್ಲೇ ಬಂದವೇ ಎಂಬುದು ಅದರಿಂದ ತಿಳಿಯುತ್ತದೆ. ಬ್ರಿಟನ್ನಿನ ನೋಂದಣಿ ಇಲಾಖೆ ಬಹುಕಾಲ ಅನುಸರಿಸಿದ ಅಂಕ ಪದ್ಧತಿಯಲ್ಲಿ ಮಾರ್ಪಟ್ಟ ಕಾರು ಹಳೆಯ ಗುರುತು ಉಳಿಸಿಕೊಳ್ಳಲು 8 ಅಂಕ ಬೇಕಿತ್ತು. ಬಾಡಿ ಅಥವಾ ಚಾಸಿಗೆ 5, ಸಸ್ಪೆನ್ಷನ್, ಆಕ್ಸಲ್, ಸ್ಟಿಯರಿಂಗ್, ಗೇರ್‌ಬಾಕ್ಸ್ ತಲಾ 2, ಎಂಜಿನ್ನಿಗೆ 1. ಗೇರ್‌ಬಾಕ್ಸ್ ಒಂದನ್ನೇ ಬದಲಿಸಿದ ಕಾರಿಗೆ 14ರಲ್ಲಿ 12 ಉಳಿಯುತ್ತಿತ್ತು, ಅದರಿಂದ ಗುರುತಿಗೆ ಧಕ್ಕೆಯಿರಲಿಲ್ಲ.

ಭಾರತದಲ್ಲಿ 2021ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ನಿಯಮಗಳು 50 ವರ್ಷ ದಾಟಿದ ಕಾರುಗಳನ್ನು ವಿಂಟೇಜ್ ಎಂದು ಪರಿಗಣಿಸಿ, ವಿಎ ಅಕ್ಷರಗಳುಳ್ಳ ಪ್ರತ್ಯೇಕ ನೋಂದಣಿ ಸಂಖ್ಯೆ ಕೊಡಲು ಅವಕಾಶ ಮಾಡಿವೆ. ಕಾರು ಮೂಲರೂಪದಲ್ಲಿರಬೇಕು, ಚಾಸಿ, ಬಾಡಿ, ಎಂಜಿನ್ನುಗಳಲ್ಲಿ ಗಣನೀಯ ಮಾರ್ಪಾಡು ಆಗಿರಬಾರದು. ಹೀಗೆ ನೋಂದಾದ ಕಾರನ್ನು ರ‍್ಯಾಲಿ, ಪ್ರದರ್ಶನ, ದುರಸ್ತಿ, ಇಂಧನ ತುಂಬಿಸುವಂಥ ಕೆಲಸಗಳಿಗೆ ಮಾತ್ರ ರಸ್ತೆಗೆ ತರಬಹುದು. ದಿನನಿತ್ಯದ ಹೆದ್ದಾರಿ ಓಡಾಟವೇ ಇಲ್ಲದ ಅಂತಹ ಕಾರಿಗೆ ಐದನೆಯ ಗೇರಿನ ಖರ್ಚನ್ನು ಸಮರ್ಥಿಸುವುದು ಇನ್ನೂ ಕಷ್ಟ.

ಬದಲಿಸಲೇಬೇಕಾದಾಗ ಪಾಲಿಸುವ ಕ್ರಮ ಸರಳ. ಬೋಲ್ಟುಗಳಿಂದಷ್ಟೇ ಕೂರುವ, ಬೇಕೆಂದಾಗ ಬಿಚ್ಚಿ ಮೊದಲಿನಂತೆ ಮಾಡಬಹುದಾದ ಜೋಡಣೆಗೆ ಆದ್ಯತೆ. ಕಳಚಿದ ಮೂಲ ಪೆಟ್ಟಿಗೆಯನ್ನು ಗುಜರಿಗೆ ಹಾಕದೆ, ಎಣ್ಣೆ ಸವರಿ, ತೆರೆದ ಬಾಯಿಗಳನ್ನು ಮುಚ್ಚಿ, ಅದರ ಪ್ರೊಪೆಲ್ಲರ್ ಶಾಫ್ಟು, ಅಡ್ಡತೊಲೆ, ಸ್ಪೀಡೋಮೀಟರುಗಳ ಸಮೇತ ಎತ್ತಿಡಬೇಕು. ಯಾವ ಕಾರಿನ ಯಾವ ಪೆಟ್ಟಿಗೆ ಹಾಕಲಾಗಿದೆ, ಕ್ಲಚ್ ಪ್ಲೇಟು ಯಾವುದು, ಎಣ್ಣೆ ಯಾವುದು ಎಂದು ಬರೆದು ಕಾರಿನ ಕಾಗದಪತ್ರಗಳ ಜೊತೆ ಇಟ್ಟರೆ ಮುಂದಿನ ಮಾಲೀಕನಿಗೂ ಅವನ ಮೆಕ್ಯಾನಿಕ್‌ಗೂ ಬಿಡಿಭಾಗ ತರಿಸುವಾಗ ತಡಕಾಡುವುದು ತಪ್ಪುತ್ತದೆ.